ಕೆಂಪು ಶಾಯಿಯ ಟೈಪಿಂಗ್ ಅಕ್ಕೋರು

ಅಕ್ಕೋರ ಬಲಗೈ ಕಿರುಬೆರಳು ಮೊದಲ ಗೆಣ್ಣಿಗೇ ಮುಗಿದುಹೋಗಿತ್ತು. ಚಿಕ್ಕವರಿದ್ದಾಗ ಗಂಗಾವತಿಯಲ್ಲಿ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕು ತುದಿ ಹೋದದ್ದಂತೆ. ಇಂಗ್ಲಿಷ್ ಟೈಪಿಂಗಿನಲ್ಲಿ ‘ಪಿ’ ಅಕ್ಷರ ಆ ಬೆರಳಿನ ಪಾಲಿಗೆ ಬರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಪಕ್ಕದ ಬೆರಳಿಗೆ ಆ ಕೆಲಸ ಒಪ್ಪಿಸಿಬಿಡುತ್ತಿದ್ದರು. ಅಕ್ಕೋರು ಮಾತ್ರ ಆ ಮೊಂಡು ಬೆರಳನ್ನೇ ಚಾಚಿ, ಮಣಿಕಟ್ಟನ್ನು ತುಸು ಹೊರಳಿಸಿ ಹೊಡೆಯುತ್ತಿದ್ದರು. ಅವರು ಟೈಪ್ ಮಾಡುವಾಗ ಕಣ್ಣು ಮುಚ್ಚಿ ಕೂತರೂ ‘ಪಿ’ ಬಂದದ್ದು ನಮಗೆ ತಿಳಿಯುತ್ತಿತ್ತು. ಉಳಿದ ಅಕ್ಷರಗಳಿಗಿಂತ ಅದರ ಸದ್ದು ಒಂದಿಷ್ಟು ತಡವಾಗಿ, ಮೆತ್ತಗೆ ಬರುತ್ತಿತ್ತು. ನಮ್ಮಲ್ಲಿ ಯಾರಾದರೂ ಬೆರಳು ತಪ್ಪಿಸಿ ಹೊಡೆದರೆ ಅದನ್ನೇ ಎತ್ತಿ ತೋರಿಸುವರು.

“ಇದಕ್ಕ ಆಗತೈತಿ. ನಿನ್ನ ಇಡೀ ಬೆರಳಿಗೆ ಏನ್ ಧಾಡಿ?”

ಎಪ್ಪತ್ತರ ದಶಕದ ಕೊನೆಯ ಮಾತು. ಕುಷ್ಟಗಿಯ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಅರಿವೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಟೈಪಿಂಗ್ ಕ್ಲಾಸು ಇತ್ತು. ಐದು ಯಂತ್ರಗಳು, ಅದರಲ್ಲೊಂದು ಸದಾ ಕೆಟ್ಟಿರುತ್ತಿತ್ತು. ಅಕ್ಕೋರು ಮದುವೆಯಾಗಿರಲಿಲ್ಲ. ಹೈದರಾಬಾದಿನಲ್ಲಿದ್ದ ಸೋದರಮಾವನ ಮನೆಯಲ್ಲಿ ಬೆಳೆದು, ಅಲ್ಲಿಯೇ ಟೈಪಿಂಗ್ ಕಲಿತು, ಉಳಿತಾಯದ ದುಡ್ಡಿನಲ್ಲಿ ಆ ಐದು ಯಂತ್ರ ಕೊಂಡು ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದರು.

ನಾನು ತಾವರಗೇರಾದವಳು. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಹೇಗೋ ದಾಟಿದ್ದೆ. ಅಪ್ಪ ಹೊಲದ ಕೂಲಿ. ಟೈಪಿಂಗ್ ಪಾಸಾದ ಹುಡುಗಿಯರಿಗೆ ಸರಕಾರಿ ನೌಕರಿ ಸಿಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ನನ್ನನ್ನು ಕರೆತಂದು, “ಇಕೀಗೆ ಇಂಗ್ಲಿಷ್ ಅಂದ್ರ ಅಂಜಿಕಿ ಐತ್ರಿ, ಅಕ್ಕೋರ” ಎಂದು ಮೊದಲೇ ಒಪ್ಪಿಕೊಂಡುಬಿಟ್ಟಿದ್ದ.

“ಅಂಜಿಕಿ ಇರಲಿ ಬಿಡ್ರಿ. ಅಂಜಿದವ್ರು ನೋಡಿ ಹೊಡೀತಾರ, ತಪ್ಪು ಕಡಿಮಿ ಆಗ್ತಾವ” ಎಂದರು ಅಕ್ಕೋರು.

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಮೂರು ತಿಂಗಳಲ್ಲಿ ಇಡೀ ಒಂದು ಪುಟದ ಪತ್ರವನ್ನು ಒಂದೂ ತಪ್ಪಿಲ್ಲದೆ ಹೊಡೆದೆ. ಹೆಮ್ಮೆಯಿಂದ ಹಾಳೆ ಒಯ್ದು ಕೊಟ್ಟೆ. ಅಕ್ಕೋರು ಓದಿ ನೋಡಿ, “ಪತ್ರ ಯಾರು ಯಾರಿಗೆ ಬರದಾರ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಯಾಕ ಬರದಾರ?” ಅದೂ ಗೊತ್ತಿರಲಿಲ್ಲ.

“ಹಂಗಾದ್ರ ಇದನ್ನ ಮಿಷನ್ನು ಹೊಡದೈತಿ, ನೀ ಹೊಡದಿಲ್ಲ” ಎಂದು ಹಾಳೆಯನ್ನು ಯಂತ್ರದ ಮುಂದೆಯೇ ಇಟ್ಟರು. “ಸಹಿ ಮಾಡೂದಿದ್ರ ಅದರ ಕಡೀಂದನ ಮಾಡ್ಸು.”

ಅಂದಿನಿಂದ ದಿನಕ್ಕೆ ಐದು ಶಬ್ದಗಳ ಪಾಠ ಶುರುವಾಯಿತು. ಬರೆದುಕೊಳ್ಳಲು ಬಸ್ಸಿನ ಟಿಕೀಟಿನ ಹಿಂಬದಿ. ಅದರಲ್ಲಿ ಐದಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ, ಅದಕ್ಕೇ ಐದು. ಊರು ಮುಟ್ಟುವುದರೊಳಗೆ ಬಾಯಿಪಾಠ, ಮಲಗುವುದರೊಳಗೆ ಪ್ರತಿ ಶಬ್ದವನ್ನೂ ಒಂದು ಸಲವಾದರೂ ಯಾರ ಮುಂದಾದರೂ ಬಳಸಲೇಬೇಕು. ಇದು ಅವರ ಕಾಯಿದೆ. ಒಂದು ಸಂಜೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂದಿನ ಟಿಕೀಟಿನ ಶಬ್ದ ನೆನಪಾಗಿ ಕಂಡಕ್ಟರನಿಗೆ, “ಭಾಳ ಕಂಜೆಸ್ಟೆಡ್ ಐತ್ರಿ” ಎಂದೆ.

“ಆ ಊರಿಗೆ ಈ ಬಸ್ಸು ಹೋಗೂದಿಲ್ಲವಾ” ಎಂದ ಕಂಡಕ್ಟರ. “ಇಳದು ವಿಚಾರ ಮಾಡು.”

ಮರುದಿನ ಇದನ್ನು ಹೇಳಿದಾಗ ಅಕ್ಕೋರು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ, “ನೀ ಅಂದಿದ್ದು ಸರೀನ ಐತಿ. ಬಳಸೀದಿ, ಅಷ್ಟ ಸಾಕು” ಎಂದರು.

ಶಬ್ದಗಳಿಗೂ ಬಳಗವಿರುತ್ತದೆ ಎನ್ನುವುದು ಅವರ ನಂಬಿಕೆ. ಒಂದು ಶಬ್ದ ಗೊತ್ತಾದರೆ ಸುಮ್ಮನೆ ಬಿಡುತ್ತಿರಲಿಲ್ಲ, “ಇದರ ಅಣ್ಣತಮ್ಮಂದಿರು ಯಾರು? ಬೀಗರು ಯಾರು?” ಎಂದು ಬೆನ್ನು ಹತ್ತುವರು. ‘ಸೈನ್’ ಬಂದರೆ ಅದರ ಹಿಂದೆ ಸಿಗ್ನೇಚರ್, ಸಿಗ್ನಲ್, ಡಿಸೈನ್ ಎಲ್ಲ ಸಾಲಾಗಿ ಬರಬೇಕು. ‘ರಿಸೈನ್’ ಎಂದರೇನೆಂದು ಕೇಳಿದಾಗ ನಾನು, “ಮತ್ತೊಮ್ಮೆ ಸಹಿ ಮಾಡೂದ್ರಿ” ಎಂದಿದ್ದೆ. ಉಳಿದವರು ನಕ್ಕರು. ಅಕ್ಕೋರು ನಗಲಿಲ್ಲ. “ಹೌದು. ಮೊದಲನೇದ್ದು ನೌಕರಿಗೆ ಬಂದಾಗ, ಎರಡನೇದ್ದು ಬಿಟ್ಟು ಹೋಗುವಾಗ. ಇನ್ನ ಮರೀತೀಯೇನು?” ಎಂದರು. ಮರೆತಿಲ್ಲ.

ಇಷ್ಟು ಉದಾರಿಯಾದ ಅಕ್ಕೋರು ಅಮೆರಿಕದ ಕಾಗುಣಿತದ ಮಾತು ಬಂದರೆ ಮಾತ್ರ ಹುಬ್ಬು ಗಂಟಿಕ್ಕುತ್ತಿದ್ದರು. ಕ್ಲಾಸಿನಲ್ಲಿ ಅಭ್ಯಾಸಕ್ಕೆಂದು ಒಂದು ದಪ್ಪ ಪುಸ್ತಕವಿತ್ತು, ಹೈದರಾಬಾದಿನ ಫುಟ್‌ಪಾತಿನಲ್ಲಿ ಕೊಂಡದ್ದು, ಅಮೆರಿಕದಲ್ಲಿ ಅಚ್ಚಾದದ್ದು. ಅದರಲ್ಲಿ ‘ಕಲರ್’ ಎಂಬಲ್ಲಿ ‘ಯು’ ಇರಲಿಲ್ಲ, ‘ಸೆಂಟರ್’ ಎಂಬಲ್ಲಿ ಕೊನೆಯ ಎರಡು ಅಕ್ಷರ ತಿರುವುಮುರುವಾಗಿದ್ದವು. ಅಕ್ಕೋರು ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕೆಂಪು ಶಾಯಿಯಲ್ಲಿ ಎಲ್ಲವನ್ನೂ ತಿದ್ದಿದ್ದರು. ಬಿಟ್ಟಲ್ಲಿ ‘ಯು’ ಸೇರಿಸಿ, ‘ಜೆಡ್’ ಇದ್ದಲ್ಲಿ ‘ಎಸ್’ ಕೂರಿಸಿ, ಬಿಳಿಯರು ಬರೆದ ಪುಸ್ತಕವನ್ನು ಶಾಲೆಯ ಮಗುವಿನ ಕಾಪಿಪುಸ್ತಕದಂತೆ ಮಾಡಿಟ್ಟಿದ್ದರು.

“ಅವಸರದ ಮಂದಿ” ಎನ್ನುವರು. “ಒಂದು ‘ಯು’ ಹಾಕೂದಕ್ಕ ಏನ್ ತ್ರಾಸು ಇವ್ರಿಗೆ? ಇಂಥಾದ್ದು ಕಂಡ್ರ ತಪ್ಪು ಅಂತ ತಿಳೀರಿ.”

ನಾವು ಹಾಗೆಯೇ ತಿಳಿದೆವು. ಬ್ಯಾಂಕಿನ ಚೆಕ್ಕಿಗೆ ‘ಕ್ಯೂ’ ಬೇಕು, ಪರೀಕ್ಷಿಸುವ ಚೆಕ್ಕಿಗೆ ‘ಸಿ ಕೆ’ ಬೇಕು. ಎರಡನ್ನೂ ಬೆರೆಸಿದವರು ಕೆಲಸ ಕೆಡಿಸುತ್ತಾರೆ ಎಂದು ಅವರು ಹೇಳಿದ್ದು ನನ್ನ ತಲೆಯಲ್ಲಿ ಕೆತ್ತಿದಂತೆ ಕೂತಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ಕುಷ್ಟಗಿಯ ಕಡೆ ಗ್ರಾನೈಟ್ ಕಲ್ಲಿನ ವ್ಯಾಪಾರ ಜೋರಾಗುತ್ತಿತ್ತು. ಕ್ವಾರಿ ಇಟ್ಟಿದ್ದ ಒಬ್ಬ ಸಾವಕಾರರಿಗೆ ಇಂಗ್ಲಿಷ್ ಪತ್ರ ಓದಿ ಉತ್ತರ ಹೊಡೆಯುವವರು ಬೇಕಾಗಿದ್ದರು. ಅಕ್ಕೋರು ನನ್ನನ್ನು ಕಳಿಸಿದರು. ಅದು ನನ್ನ ಮೊದಲ ಕೆಲಸ. ಅಪ್ಪ ಅಂದು ಊರೆಲ್ಲ ಸಕ್ಕರೆ ಹಂಚಿದ.

ಎರಡು ತಿಂಗಳಾಗಿತ್ತು. ಪಾಲಿಶ್ ಮಾಡಿದ ನಮೂನೆ ಕಲ್ಲುಗಳನ್ನು ತರಿಸಿಕೊಂಡಿದ್ದ ಅಮೆರಿಕದ ವ್ಯಾಪಾರಿಯೊಬ್ಬನ ಪತ್ರ ಬಂತು. ಕಲ್ಲು ಮೆಚ್ಚಿಗೆಯಾಗಿದೆ, ನಮ್ಮ ಚೆಕ್ ಇಪ್ಪತ್ತೈದನೇ ತಾರೀಖಿನೊಳಗೆ ನಿಮ್ಮನ್ನು ಮುಟ್ಟುತ್ತದೆ ಎಂದಿತ್ತು. ಆ ‘ಚೆಕ್’ ಶಬ್ದದ ಕೊನೆಯಲ್ಲಿ ‘ಸಿ ಕೆ’ ಇತ್ತು. ನಾನು ಒಂದು ಕ್ಷಣವೂ ಅನುಮಾನಿಸಲಿಲ್ಲ.

“ಇಪ್ಪತ್ತೈದರೊಳಗ ಚೆಕಿಂಗಿಗೆ ಬರ್ತಾರಂತ್ರಿ, ಸಾವಕಾರ್ರ” ಎಂದು ಓದಿ ಹೇಳಿದೆ.

ಸಾವಕಾರರು ಎದ್ದು ನಿಂತರು. “ಅಮೆರಿಕದಿಂದ? ನಮ್ಮ ಕ್ವಾರಿಗೆ?”

ಮರುದಿನದಿಂದಲೇ ಸಂಭ್ರಮ. ಆಫೀಸಿಗೆ ಸುಣ್ಣ ಬಳಿದರು. ಕ್ವಾರಿಯ ದಾರಿಗೆ ಮೊರಮು ಹಾಕಿಸಿದರು. ಎಷ್ಟು ಮಂದಿ ಬರುತ್ತೀರಿ, ಯಾವ ಗಾಡಿಗೆ ಬರುತ್ತೀರಿ, ಊಟಕ್ಕೆ ಏನು ನಡೆಯುತ್ತದೆ ಎಂದು ಕೇಳಿ ನನ್ನಿಂದ ಪತ್ರ ಹೊಡೆಸಿದರು. ಉತ್ತರ ಬರುವ ಮೊದಲೇ ತಾರೀಖು ಹತ್ತಿರ ಬಂದದ್ದರಿಂದ, ಇಪ್ಪತ್ಮೂರರಿಂದ ಮೂರು ದಿನ ಕೊಪ್ಪಳದ ರೈಲು ಸ್ಟೇಷನ್ನಿಗೆ ಹೂವಿನ ಹಾರ ಸಮೇತ ಅಂಬಾಸಡರ್ ಕಾರು ಹೋಗಿ ಬಂತು. ಬಿಳಿಯರು ಯಾರೂ ಇಳಿಯಲಿಲ್ಲ. ಮೂರನೆಯ ದಿನ ಡ್ರೈವರ್ ಹಾರವನ್ನು ದಾರಿಯಲ್ಲಿಯ ಹನುಮಪ್ಪನ ಗುಡಿಗೆ ಹಾಕಿ ಬಂದ.

ಇಪ್ಪತ್ತಾರಕ್ಕೆ ಅಂಚೆಯವನು ರಿಜಿಸ್ಟರ್ ಲಕೋಟೆಯೊಂದನ್ನು ತಂದುಕೊಟ್ಟ. ಅದರೊಳಗೆ ಬ್ಯಾಂಕಿನ ಚೆಕ್ಕು ಇತ್ತು.

ಸಾವಕಾರರಿಗೆ ನಷ್ಟಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಇಡೀ ಕುಷ್ಟಗಿಗೆ ಅಮೆರಿಕದವರು ಬರುವ ಸುದ್ದಿ ಹೇಳಿಕೊಂಡು ಬಂದಿದ್ದರು. “ಇಂಗ್ಲಿಷ್ ಬರೂದಿಲ್ಲಂದ್ರ ಬರೂದಿಲ್ಲ ಅನಬೇಕಿಲ್ಲೋ? ನಾಳಿಂದ ಬರಬ್ಯಾಡವಾ” ಎಂದರು.

ಅಳುತ್ತ ಮಾಳಿಗೆ ಹತ್ತಿದೆ. ಅಕ್ಕೋರು ಕೇಳಿ ಮುಗಿಸಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಡಿಕ್ಷನರಿ ತೆಗೆದರು. ‘ಕ್ಯೂ’ ಇರುವ ಚೆಕ್ಕಿನ ಎದುರು, ಸಣ್ಣ ಅಕ್ಷರಗಳಲ್ಲಿ, ಅಮೆರಿಕದಲ್ಲಿ ಇದನ್ನು ‘ಸಿ ಕೆ’ ಹಾಕಿ ಬರೆಯುತ್ತಾರೆ ಎಂದಿತ್ತು. ಅಕ್ಕೋರು ಆ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು.

“ಇಷ್ಟು ವರ್ಷ ಇಲ್ಲೇ ಇತ್ತು ನೋಡು. ನಾ ಓದಿದ್ದಿಲ್ಲ.”

ಆಮೇಲೆ ಮಾಡಿದ್ದನ್ನು ನಾನು ಅವರಿಂದ ನಿರೀಕ್ಷಿಸಿರಲಿಲ್ಲ. ಹುಡುಗಿಯರನ್ನೆಲ್ಲ ಮನೆಗೆ ಕಳಿಸಿ, ನಡುಹಗಲಿನಲ್ಲಿ ಕ್ಲಾಸಿಗೆ ಬೀಗ ಹಾಕಿ, ಡಿಕ್ಷನರಿ ಕಂಕುಳಲ್ಲಿ ಹಿಡಿದು, ನನ್ನನ್ನೂ ಕರೆದುಕೊಂಡು ಸಾವಕಾರರ ಆಫೀಸಿಗೆ ನಡೆದರು.

“ಬರ್ರಿ ಅಕ್ಕೋರ, ಕೂಡ್ರಿ” ಎಂದರು ಸಾವಕಾರರು, ಮುಖ ಗಂಟಿಕ್ಕಿಯೇ.

“ಕೂಡಾಕ ಬಂದಿಲ್ರಿ, ತಪ್ಪು ಒಪ್ಪಾಕ ಬಂದೀನಿ. ಈ ಹುಡುಗಿ ನಾ ಕಲಿಸಿದಂಗ ಓದ್ಯಾಳ. ನಾ ಅರ್ಧಾ ಇಂಗ್ಲಿಷ್ ಕಲಿಸಿ, ಉಳದ ಅರ್ಧಾ ತಪ್ಪು ಅಂತ ಹೇಳಿದ್ದೆ. ತೆಗೀಬೇಕಂದ್ರ ನನ್ನ ಕ್ಲಾಸಿನ ಬೋರ್ಡ್ ತೆಗಸ್ರಿ. ಇಕೀನ ತೆಗೀಬ್ಯಾಡ್ರಿ.”

ಸಾವಕಾರರು ಮೆತ್ತಗಾದರು. ಡಿಕ್ಷನರಿಯನ್ನು ತಿರುವಿ ನೋಡಿದರು. ಆ ಎರಡು ದೇಶದ ಕಾಗುಣಿತ ಇನ್ನೂ ಎಲ್ಲೆಲ್ಲಿ ಬೇರೆಯಾಗುತ್ತದೆ ಎಂದು ಕೇಳಿದರು. ಅಕ್ಕೋರು ಕಲ್ಲಿನ ವ್ಯಾಪಾರಕ್ಕೆ ಬೇಕಾಗುವಂಥದ್ದನ್ನೇ ಆರಿಸಿ ಹೇಳತೊಡಗಿದರು. ಮೀಟರ್ ಹೀಗೆ, ಕಲರ್ ಹೀಗೆ. “ಆಮ್ಯಾಲೆ ಗ್ರೇ ಬಣ್ಣ. ಲಂಡನ್‌ನವ್ರು ‘ಇ’ ಹಾಕ್ತಾರ, ಅಮೆರಿಕದವ್ರು ‘ಎ’ ಹಾಕ್ತಾರ. ಬಣ್ಣ ಒಂದ ಐತ್ರಿ.”

ಸಾವಕಾರರು ನಿಧಾನವಾಗಿ, ಮೂಲೆಯಲ್ಲಿ ಲೆಕ್ಕ ಬರೆಯುತ್ತ ಕೂತಿದ್ದ ಮುನೀಮರ ಕಡೆ ತಿರುಗಿದರು. “ಒಂದ ಏನ್ರಿ?”

ಮುನೀಮರು ನೆಲ ನೋಡುತ್ತಿದ್ದರು.

“ಹಂಗಾದ್ರ ಅಂಗಳದಾಗ ‘ಇ’ ಗ್ರೇ ಬ್ಯಾರೆ, ‘ಎ’ ಗ್ರೇ ಬ್ಯಾರೆ ಅಂತ ಎರಡು ರಾಶಿ ಯಾಕ ಒಟ್ಟೀವ್ರಿ ವರ್ಷಗಟ್ಟಲೆ?”

ಯಾರು ಮೊದಲು ನಕ್ಕರೋ ನೆನಪಿಲ್ಲ. ಕೊನೆಗೆ ಕಲ್ಲು ಕಡಿಯುವವರೂ ಒಳಗೆ ಇಣುಕಿ ನೋಡುವಷ್ಟು ನಗೆಯಾಯಿತು. ಚಹಾ ಬಂತು, ಅಕ್ಕೋರು ಕೂತರು, ನನ್ನ ಕೆಲಸ ಉಳಿಯಿತು. ಕೆಲವು ದಿನಗಳ ಮೇಲೆ ನಮ್ಮ ಆಮಂತ್ರಣಕ್ಕೆ ಅಮೆರಿಕದಿಂದ ಉತ್ತರ ಬಂತು: ಬರುವುದು ಚೆಕ್ ಒಂದೇ, ಅದು ಊಟ ಮಾಡುವುದಿಲ್ಲ, ಆದರೂ ಇಷ್ಟು ಪ್ರೀತಿಯಿಂದ ಕೇಳಿದ್ದಕ್ಕೆ ಧನ್ಯವಾದ. ಮುಂದಿನ ವರ್ಷ ಆ ವ್ಯಾಪಾರಿ ನಿಜವಾಗಿಯೂ ಬಂದ. ಸಾವಕಾರರ ಮನೆಯಲ್ಲಿ ನಾಲ್ಕು ಹೋಳಿಗೆ ತಿಂದ.

ಅಂದು ಹಿಂತಿರುಗಿದ ಮೇಲೆ ಅಕ್ಕೋರು ಆ ದಪ್ಪ ಪುಸ್ತಕ ತೆಗೆದು, ಮೊದಲ ಪುಟದಲ್ಲಿ ನೀಲಿ ಶಾಯಿಯಿಂದ ಕನ್ನಡದಲ್ಲಿ ಬರೆದರು: “ಈ ಪುಸ್ತಕದೊಳಗಿನ ಕೆಂಪು ತಿದ್ದುಪಡಿಗಳು ತಿದ್ದಿದವಳ ತಪ್ಪು.” ಕೆಳಗೆ ಸಹಿ ಮಾಡಿದರು. ಗೋಡೆಯ ಮೇಲೆ ಎರಡು ಸಾಲಿನ ದೊಡ್ಡ ಹಾಳೆ ಬಂತು, ಒಂದು ಸಾಲು ಲಂಡನ್ನಿನದು, ಇನ್ನೊಂದು ಅಮೆರಿಕದ್ದು. ನಲವತ್ತೈದು ದಾಟಿದ ಅಕ್ಕೋರು ನಮ್ಮ ಜತೆಯಲ್ಲೇ ನಿಂತು ಅದನ್ನು ಬಾಯಿಪಾಠ ಮಾಡಿದರು. ತಪ್ಪಿದರೆ ನಾವು ಹೇಳಿಕೊಡಬೇಕು, ಹೇಳಿಕೊಡುವಾಗ ನಗಬಾರದು. ಹಾಳೆಯ ಕೆಳಗೆ ಒಂದೇ ನಿಯಮ ಬರೆದಿದ್ದರು: ಒಂದು ಪತ್ರದಲ್ಲಿ ಒಂದೇ ದೇಶ. “ಎರಡೂ ಸರಿ. ಆದ್ರ ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ಹೋಗಬ್ಯಾಡ್ರಿ” ಎಂದು ವಿವರಿಸುವರು.

ಮುಂದೆ ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಯಲಬುರ್ಗಾದ ತಾಲೂಕು ಕಚೇರಿಗೆ ಸೇರಿದೆ. ಅಪ್ಪ ನಂಬಿದ್ದು ಕೊನೆಗೂ ನಿಜವಾಯಿತು. ಆ ಕಚೇರಿಯಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಬಂದಾಗ ಎಲ್ಲರೂ ಕಿಟಕಿಯ ಕಡೆ ನೋಡುತ್ತಿದ್ದರು. ನನ್ನದಾಗಿದ್ದರೆ ನಾನು, “ನಂದ್ರಿ” ಎಂದು ಎದ್ದು ನಿಲ್ಲುತ್ತಿದ್ದೆ. ಒಬ್ಬ ಸಾಹೇಬರು ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರು. “ಟೈಪಿಂಗ್ ಕ್ಲಾಸಿನ್ಯಾಗ್ರಿ” ಎಂದಾಗ ಅವರಿಗೆ ಅರ್ಥವಾಗಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಕ್ಕೋರು ಕ್ಲಾಸು ಮುಚ್ಚಿ ಗಂಗಾವತಿಯ ತಮ್ಮನ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ಅದಕ್ಕೆ ಎರಡು ವಾರ ಮುಂಚೆ ಆಸ್ಪತ್ರೆಗೆ ಹೋಗಿ ನೋಡಿ ಬಂದಿದ್ದೆ. ಮುಖ ಬಿಳುಚಿತ್ತು, ಮೈಯಲ್ಲಿ ರಕ್ತವೇ ಇಲ್ಲವೆಂದು ಡಾಕ್ಟರು ಹೇಳಿದ್ದರು. ಅಕ್ಕೋರು ಮಂಚದ ಕಡೆಯಲ್ಲಿ ತೂಗುಹಾಕಿದ್ದ ಕೇಸ್ ಪೇಪರು ತೆಗೆದುಕೊಡು ಎಂದು ಸನ್ನೆ ಮಾಡಿದರು.

“ಡಾಕ್ಟರು ಯಾವುದೋ ಅಮೆರಿಕದ ಪುಸ್ತಕ ಓದಿ ಬಂದಾರ. ಅನೀಮಿಯಾ ಹ್ಯಾಂಗ ಬರದಾರ ನೋಡು.”

ನೋಡಿದೆ. ಲಂಡನ್ನಿನವರು ‘ಎನ್’ ಆದಮೇಲೆ ‘ಎ’, ‘ಇ’ ಎರಡನ್ನೂ ಹಾಕುತ್ತಾರೆ. ಇಲ್ಲಿ ‘ಇ’ ಒಂದೇ ಇತ್ತು.

“ನನ್ನ ರೋಗದಾಗ ಒಂದು ಅಕ್ಷರ ಕಡಿಮಿ ಮಾಡ್ಯಾರ” ಎಂದರು ಅಕ್ಕೋರು. “ಅಷ್ಟರ ಮಟ್ಟಿಗೆ ಗುಣ ಆತು ಅಂತ ತಿಳ್ಕೊ.”

ಅಳಬೇಕೆಂದು ಬಂದವಳು ನಕ್ಕುಬಿಟ್ಟೆ. ಪಕ್ಕದ ಮಂಚದ ಮುದುಕಿ ಏನೂ ತಿಳಿಯದೆ ತಾನೂ ನಕ್ಕಳು. ಅಕ್ಕೋರು ಕೇಸ್ ಪೇಪರನ್ನು ಎದೆಯ ಮೇಲಿಟ್ಟುಕೊಂಡು, ನನಗಿಂತಲೂ ಜೋರಾಗಿ ನಗಲು ನೋಡುತ್ತಿದ್ದರು.