ಬಾವಿಯ ಗೌಂಡಿ ಗುಡ್ಡ ಹತ್ತಿದ್ದು

ಹೋದ ವಾರ ಜೇವರ್ಗಿಯಿಂದ ಅಂದೋಲಾ ಕಡೆಗೆ ಹೋಗುವ ರಸ್ತೆಯಲ್ಲಿ ಕಲ್ಲಿನ ಅಂಗಡಿಯೊಂದರ ಮುಂದೆ ನಿಂತಿದ್ದೆ. ಅಡಿಗೆಮನೆಯ ಕಟ್ಟೆಗೆ ಫರಸಿ ಕಲ್ಲು ಬೇಕಾಗಿತ್ತು. ಅಂಗಡಿಯವ ಒಂದು ದರ ಹೇಳಿದ, ನಾನು ಅದರ ಅರ್ಧ ಹೇಳಿದೆ, ಅವನು ನಕ್ಕ, ನಾನು ಗಾಡಿಯ ಕಡೆಗೆ ಎರಡು ಹೆಜ್ಜೆ ಹಾಕಿದೆ... ಇದೆಲ್ಲ ಮಾಮೂಲು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದವನೊಬ್ಬ ಕರಿಗಲ್ಲಿನ ಮೇಲೆ ಚಾಣ ಇಟ್ಟು ಸುತ್ತಿಗೆ ಬೀಸಿದ. ಕಲ್ಲು ಬಿರಿದ ಜಾಗದಿಂದ ವಾಸನೆಯೊಂದು ಎದ್ದಿತು. ಈಗಷ್ಟೇ ಆರಿದ ಬೆಂಕಿಕಡ್ಡಿಯ ವಾಸನೆ. ನಾನು ಚೌಕಾಸಿ ಅರ್ಧಕ್ಕೇ ಬಿಟ್ಟು, ಅವನು ಮೊದಲು ಹೇಳಿದ ದರಕ್ಕೇ ಹೂಂ ಅಂದುಬಿಟ್ಟೆ. ಅಂಗಡಿಯವನಿಗೇ ಗಾಬರಿಯಾಯಿತು.

"ಯಾಕ್ರಿ ಸಾಹೇಬ್ರ, ಮೈಯಾಗ ಆರಾಮ ಇಲ್ಲೇನ್ರಿ?" ಅಂದ.

ಆ ವಾಸನೆ ನನ್ನ ಪಾಲಿಗೆ ಒಬ್ಬರದೇ ವಾಸನೆ. ಗೌಂಡಿ ಚಾಚಾ ಅವರದು.

ನಾನು ಅಫಜಲಪುರ ತಾಲೂಕಿನ ಅತನೂರದವನು. ಡಿಪ್ಲೊಮಾ ಮುಗಿಸಿ ಆಳಂದದಲ್ಲಿ ಕಾಲುವೆ ಕೆಲಸದ ಸುಪರ್‌ವೈಸರ್ ಆಗಿ ಸೇರಿದಾಗ ಬಾಡಿಗೆಗೆ ಹಿಡಿದ ಕೋಣೆ ಅವರ ಮನೆಯ ಗೋಡೆಗೆ ಅಂಟಿಕೊಂಡಿತ್ತು. ಅವರು ಬಾವಿ ಕಟ್ಟುವ ಗೌಂಡಿ. ಸುತ್ತಲಿನ ಹೊಲಗಳಲ್ಲಿ ಇವತ್ತಿಗೂ ಕುಸಿಯದೆ ನಿಂತಿರುವ ಎಷ್ಟೋ ಬಾವಿಗಳ ಒಳಗೋಡೆ ಅವರ ಕೈಯಿಂದಾದದ್ದು. ಸಿಮೆಂಟಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ ಆಳದಿಂದ ಮೇಲಕ್ಕೆ ಬರುವ ಕೆಲಸ. ಆದರೆ ನಾನು ಹೋಗುವ ಹೊತ್ತಿಗೆ ಊರೂರಿಗೆ ಬೋರ್‌ವೆಲ್ ಬಂದು, ಬಾವಿ ತೋಡಿಸುವವರೇ ಇಲ್ಲವಾಗಿದ್ದರು. ಚಾಚಾ ಬೆಳಿಗ್ಗೆ ಎದ್ದು ಕೂಲಿಯವರು ನಿಲ್ಲುವ ಚೌಕದಲ್ಲಿ ನಿಲ್ಲುತ್ತಿದ್ದರು. ಕರೆಯುವವರು ಮೊದಲು ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿಕೊಳ್ಳುತ್ತಿದ್ದರು. ಉಳಿದರೆ ಇವರು. ಅದೂ ಕಲ್ಲಿನ ಕೆಲಸಕ್ಕಲ್ಲ, ಸಿಮೆಂಟಿನ ಮಸಾಲೆ ಕಲಸುವುದಕ್ಕೆ. ಬಾವಿ ಕಟ್ಟಿದ ಕೈಯಲ್ಲಿ ಸಲಿಕೆ... ಸಂಜೆ ಮನೆಗೆ ಬಂದು ಹೊರಗಿನ ಕಲ್ಲಿನ ಮೇಲೆ ಕೂತು, "ಎಂಜಿನಿಯರಾ, ಇವತ್ತ್ ನಾ ಒಂದ್ ಕಲ್ಲೂ ಮುಟ್ಟಿಲ್ಲ ನೋಡು" ಅನ್ನುತ್ತಿದ್ದರು. ನಕ್ಕೇ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ.

ಅಷ್ಟರಲ್ಲಿ ನನ್ನ ಮದುವೆಯಾಯಿತು. ಹೆಂಡತಿಗೆ ಹಿಮಾಚಲದ ಗುಡ್ಡಗಳ ನಡುವಿನ, ಕೇಂದ್ರ ಸರ್ಕಾರದ ಒಂದು ವಸತಿ ಶಾಲೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಖಾಯಂ ನೌಕರಿ, ಬಿಡುವ ಹಾಗಿಲ್ಲ. ನಾನು ಸುಪರ್‌ವೈಸರ್ ಕೆಲಸ ಬಿಟ್ಟು ಅವಳ ಹಿಂದೆ ಹೋದೆ. ಎಂಜಿನಿಯರನಿಗೆ ಎಲ್ಲಿ ಹೋದರೂ ಕೆಲಸ ಅಂದುಕೊಂಡಿದ್ದೆ. ಮೂರು ತಿಂಗಳು ಯಾರೂ ನನ್ನನ್ನು ಕೇಳಲಿಲ್ಲ. ಭೀಮೆಯ ಮೇಲಿನ ಸೊನ್ನದ ಬ್ಯಾರೇಜಿಗಿಂತ ಎತ್ತರದ್ದನ್ನು ಕಾಣದವನು ನಾನು. ಅಲ್ಲಿ ಮನೆಯ ಬಾಗಿಲು ತೆಗೆದರೆ ಎದುರಿಗೆ ಆಕಾಶದ ಅರ್ಧ ಗುಡ್ಡವೇ.

ಈಗ ನಮ್ಮ ಕಡೆಯ ಡಿಪ್ಲೊಮಾ ಹುಡುಗರು ಫೋನ್ ಮಾಡಿ, ಗುಡ್ಡಗಾಡಿನ ಕಡೆ ಸಿವಿಲ್ ಕೆಲಸ ಹೆಂಗ ಹುಡುಕೋದ್ರಿ ಅಂತ ಕೇಳುತ್ತಾರೆ. ನಾನು ಧಾರಾಳವಾಗಿ ಹೇಳುತ್ತೇನೆ. ಮನೆಯಲ್ಲಿ ಕೂತು ಅರ್ಜಿ ಕಳಿಸಬೇಡಿ, ಅಲ್ಲಿ ಅರ್ಜಿ ಓದುವವರು ಯಾರೂ ಇಲ್ಲ. ಮಳೆಗಾಲ ಮುಗಿಯುವ ಮುಂಚೆಯೇ ಹೋಗಿ. ರಸ್ತೆ ಕುಸಿದಾಗಲೇ ಗುತ್ತಿಗೆದಾರನಿಗೆ ಎಂಜಿನಿಯರ್ ನೆನಪಾಗುವುದು. ಸಿಮೆಂಟು ಮಾರುವ ಅಂಗಡಿಯ ಎದುರಿನ ಚಹಾದ ಹೋಟೆಲಿನಲ್ಲಿ ಕೂಡಿ, ಗುತ್ತಿಗೆದಾರರೆಲ್ಲ ದಿನಕ್ಕೊಮ್ಮೆ ಅಲ್ಲಿಗೆ ಬಂದೇ ಬರುತ್ತಾರೆ. ಸರ್ಟಿಫಿಕೇಟು ಮೊದಲೇ ತೆಗೆಯಬೇಡಿ. ಜೆಸಿಬಿ ಎಲ್ಲಿ ನಿಂತಿದೆಯೋ ಅಲ್ಲಿಗೆ ನಡೆದು ಹೋಗಿ, ಒಂದು ದಿನ ಸುಮ್ಮನೆ ನೋಡಿ. ಇದೆಲ್ಲ ಖರೆ. ನಾನು ಹಾಗೆಯೇ ಮಾಡಿದೆ. ಆದರೆ ನನಗೆ ಕೆಲಸ ಸಿಕ್ಕದ್ದು ಅದರಿಂದಲ್ಲ. ಆ ಮಾತನ್ನು ಮಾತ್ರ ಹುಡುಗರಿಗೆ ಇದುವರೆಗೆ ಹೇಳಿಲ್ಲ.

ಚಹಾದ ಹೋಟೆಲಿನಲ್ಲಿ ಪರಿಚಯವಾದ ಗುತ್ತಿಗೆದಾರನೊಬ್ಬ, ಬಯಲುಸೀಮೆಯವನಿಗೆ ಗುಡ್ಡದ ಕೆಲಸ ಏನು ಗೊತ್ತು ಅಂತ ಹಂಗಿಸಿದ. ನಾನು ಜಗ್ಗಾಡಿ, ಶಾಲೆಯ ರಸ್ತೆಯ ಮಗ್ಗುಲಿಗೆ ಮಣ್ಣು ಕುಸಿಯದಂತೆ ಒಂದು ತುಂಡು ಗೋಡೆ ಕಟ್ಟಿ ತೋರಿಸುವ ಪರೀಕ್ಷೆಗೆ ಅವನನ್ನು ಒಪ್ಪಿಸಿದೆ. ನಿಂತರೆ ನೌಕರಿ, ಇಲ್ಲವಾದರೆ ರಾಮ್ ರಾಮ್.

ಕಟ್ಟಿದೆ. ಕಲ್ಲು, ಸಿಮೆಂಟು, ಒಂದು ಸಂದಿಯೂ ಕಾಣದ ಹಾಗೆ ನುಣ್ಣಗೆ ಮುಚ್ಚಿದ ಗೋಡೆ. ಕಾಲುವೆಯ ಕೆಲಸ ಮಾಡಿದವನ ಕೈ ಅದು. ಕಾಲುವೆಯಲ್ಲಿ ನೀರು ಸೋರಿತು ಅಂದರೆ ಎಂಜಿನಿಯರನ ಮಾನ ಹೋಯಿತು. ಸೋರದಂತೆ ಕಟ್ಟುವುದೇ ನಾನು ಕಲಿತ ವಿದ್ಯೆ. ಒಂದು ಮಳೆ ಬಂತು. ಗೋಡೆಯ ಹಿಂದೆ ನೀರು ನಿಂತು, ಹೋಗಲು ದಾರಿ ಕಾಣದೆ ದೂಡಿತು. ಬೆಳಿಗ್ಗೆ ನೋಡಿದರೆ ಗೋಡೆ ದಿನ ತುಂಬಿದ ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿ ನಿಂತಿತ್ತು. ಎಷ್ಟೋ ಜಗ್ಗಾಡಿದ ಮೇಲೆ ಗುತ್ತಿಗೆದಾರ ಇನ್ನೊಂದೇ ಅವಕಾಶ ಕೊಟ್ಟ, ಅದೂ ನನ್ನ ಹೆಂಡತಿ ಅವನ ಮಗಳಿಗೆ ಜ್ವರದಲ್ಲಿ ಇಂಜೆಕ್ಷನ್ ಕೊಟ್ಟಿದ್ದಳು ಅಂತ.

ಆ ದಿನ ಆಳಂದಕ್ಕೆ ಫೋನ್ ಹಚ್ಚಿದೆ. ಚಾಚಾ ಪೂರಾ ಕೇಳಿದರು.

"ಲೇ ಎಂಜಿನಿಯರಾ, ಗ್ವಾಡಿ ಹಿಂದ ನೀರದ ಅಂದಮ್ಯಾಲ ಅದು ಬಾವೀನೇ ಅಲ್ಲೇನು? ಬಾವಿಗೆ ಯಾರರ ಸಿಮೆಂಟ್ ಮೆತ್ತತಾರೇನು? ನೀರು ಬರ್ಲಿ ಬಿಡು, ಮಣ್ಣು ಬರಬಾರ್ದು, ಅಷ್ಟ."

ಆಮೇಲೆ, "ಅಲ್ಲಿ ಕಲ್ಲು ಹ್ಯಾಂಗವ?" ಅಂತ ಕೇಳಿದರು. ಆ ದನಿ ನನಗೆ ಗೊತ್ತು. ಹಸಿದವನು ಅಡಿಗೆ ಏನು ಅಂತ ಕೇಳುವ ದನಿ. ನಾನು ಕೂಡಲೇ ಗಾಳ ಹಾಕಿದೆ. "ಬರ್ರಿ ಚಾಚಾ. ಇಲ್ಲಿ ಎಲ್ಲಾ ಕಲ್ಲಿಂದೇ ಕೆಲಸ. ಉಸ್ತಾದ್ ಅಂತ ನಿಲ್ಲಿಸ್ತೇನಿ ನಿಮ್ಮನ್ನ. ಹತ್ತು ಮಂದಿ ನಿಮ್ಮ ಕೈಕೆಳಗ ಕೆಲಸ ಮಾಡ್ತಾರ" ಅಂದೆ. ಯಾರೂ ನನಗೆ ಅಂಥ ಅಧಿಕಾರ ಕೊಟ್ಟಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಸುಳ್ಳು ಹೇಳಿದೆ ಅಂತಲೂ ನನಗೆ ಅನಿಸಿರಲಿಲ್ಲ. ಗೋಡೆ ನಿಂತರೆ ಇಬ್ಬರಿಗೂ ಕೆಲಸ ಸಿಕ್ಕೀತು ಅಂದುಕೊಂಡಿದ್ದೆ.

ಐದನೆಯ ದಿನ ಬಂದಿಳಿದರು. ರೈಲು, ಆಮೇಲೆ ಬಸ್ಸು, ಆಮೇಲೆ ಮತ್ತೊಂದು ಬಸ್ಸು. ಚಾಣ, ಸುತ್ತಿಗೆ, ಚಾಚಿ ಕಟ್ಟಿಕೊಟ್ಟ ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ. ಅಲ್ಲಿನ ಕೆಲಸಗಾರರು ಅವರನ್ನು ನೋಡಿ ಮದರಾಸಿ ಬಾಬಾ ಬಂದ ಅಂತ ನಕ್ಕರು. ಇವರು ತಮ್ಮ ದಖನಿ ಉರ್ದುವಿನಲ್ಲೇ ಉತ್ತರ ಕೊಟ್ಟರು. "ಮದರಾಸಿ ನೈ ಮಿಯಾ, ಆಳಂದ್ ಕಾ ಹೂಂ. ಹಸೊ ನಕ್ಕೊ, ಪತ್ಥರ್ ಲಾವ್." ನಗಬೇಡಿ, ಕಲ್ಲು ತನ್ನಿ ಅಂತ. ಆ ಮಾತಿನ ಧಾಟಿಗೆ ಅವರು ಇನ್ನಷ್ಟು ನಕ್ಕರು. ಮೂರನೆಯ ದಿನ ಅದೇ ಜನ ಅವರಿಗೆ ಚಹಾ ತಂದುಕೊಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಕೈ ನೋಡತೊಡಗಿದ್ದರು.

ನೋಡುವಂಥ ಕೈಯೇ ಅದು... ಒಂದು ಕಲ್ಲನ್ನು ಎತ್ತಿ, ಅಂಗೈಯಲ್ಲಿ ಹೊರಳಿಸಿ, ಅದರ ಮುಖ ಯಾವುದು ಬೆನ್ನು ಯಾವುದು ಅಂತ ಒಮ್ಮೆಗೇ ಗುರುತು ಹಿಡಿಯುತ್ತಿದ್ದರು. ಇಟ್ಟ ಕಲ್ಲನ್ನು ಮತ್ತೆ ತೆಗೆದದ್ದು ನಾನು ಕಾಣಲಿಲ್ಲ. ಗೋಡೆಯನ್ನು ಗುಡ್ಡದ ಕಡೆಗೆ ಸ್ವಲ್ಪ ಒರಗಿಸಿದರು. ನಡುನಡುವೆ ಉದ್ದನೆಯ ಕಲ್ಲುಗಳನ್ನು ಅಡ್ಡಡ್ಡ ಒಳಕ್ಕೆ ಚಾಚಿಸಿ ಕೂಡಿಸಿದರು. ಗೋಡೆಯ ಹಿಂದೆ ಒಂದು ಮೊಳ ಅಗಲಕ್ಕೆ ಬರೀ ಸಣ್ಣ ಖಡಿ, ಅಂದರೆ ಜಲ್ಲಿಕಲ್ಲು, ತುಂಬಿದರು, ನೀರು ಇಳಿಯಲು. ಚಳಿಗೆ ಅವರ ಬೆರಳು ಒಡೆದು ರಕ್ತ ಬರುತ್ತಿತ್ತು. ನನ್ನ ಹೆಂಡತಿ ಸಂಜೆ ಮುಲಾಮು ಹಚ್ಚುತ್ತಿದ್ದಳು. "ಇರ್ಲಿ ಬಿಡವ್ವ, ಭಾಳ ದಿನದ ಮ್ಯಾಲ ಕಲ್ಲು ಕಚ್ಯಾವ" ಅನ್ನುತ್ತಿದ್ದರು ಅವಳಿಗೆ. ಅಷ್ಟು ಖುಷಿಯಾಗಿ ಅವರನ್ನು ಆಳಂದದಲ್ಲಿ ನಾನು ಒಂದು ದಿನವೂ ನೋಡಿರಲಿಲ್ಲ.

ಕಟ್ಟಿ ಮುಗಿಸಿದ ಮೇಲೆ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ಗುತ್ತಿಗೆದಾರ ಬಂದ. ಗೋಡೆಯ ಪ್ರತಿ ಸಂದಿಯಿಂದ ನೀರು ಸೋರುತ್ತಿತ್ತು. ಗೋಡೆ ಮಾತ್ರ ಒಂದು ಕೂದಲಿನಷ್ಟೂ ಸರಿದಿರಲಿಲ್ಲ. ಅವನು ಅತ್ತಿಂದಿತ್ತ ಓಡಾಡಿ ನೋಡಿ, ನನ್ನ ಎದುರು ನಿಂತು ಹಿಂದಿಯಲ್ಲಿ ಕೇಳಿದ: ಇದು ಯಾರ ತಲೆ? ನಿನ್ನದೋ, ಈ ಮುದುಕನದೋ? ತಿಳಿದವನು ಒಬ್ಬನೇ ಸಾಕು ನನಗೆ.

ಚಾಚಾ ಮೂರು ಹೆಜ್ಜೆ ಆಚೆಗಿದ್ದರು. ಗೋಡೆಯಿಂದ ಸೋರುವ ನೀರಿನಲ್ಲೇ ಸುತ್ತಿಗೆ ತೊಳೆಯುತ್ತಿದ್ದರು. ಮನೆಮಾತೇ ಉರ್ದು ಅವರದು. ನನ್ನ ಹಿಂದಿಗಿಂತ ಅವರಿಗೇ ಚೆನ್ನಾಗಿ ತಿಳಿಯುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಡಿಸೈನು ನನ್ನದು, ಇವರು ನಮ್ಮೂರ ಕಡೆಯ ಮಜದೂರ, ಹೇಳಿದಷ್ಟು ಮಾಡುತ್ತಾರೆ, ಅಂದೆ.

ಗುತ್ತಿಗೆದಾರ ಅವರ ಕಡೆ ತಿರುಗಿ, ಹೌದೇನು ಬಾಬಾ, ಅಂದ.

ಚಾಚಾ ತಲೆ ಎತ್ತಲಿಲ್ಲ. "ಹೌ ಸಾಬ್. ಇನೊ ಜೈಸಾ ಬೋಲೆ ವೈಸಾಚ್ ಕರ‍್ಯಾ ಮೈ" ಅಂದರು. ಇವರು ಹೇಳಿದ ಹಾಗೆಯೇ ಮಾಡಿದೆ ಅಂತ. ಸುತ್ತಿಗೆ ತೊಳೆಯುವುದನ್ನು ಮುಂದುವರಿಸಿದರು. ಅದರಲ್ಲಿ ತೊಳೆಯುವಂಥದ್ದು ಏನೂ ಉಳಿದಿರಲಿಲ್ಲ...

ಮಜದೂರರು ನಮ್ಮಲ್ಲೇ ಬೇಕಾದಷ್ಟಿದ್ದಾರೆ, ಹಿಮ ಬೀಳುವ ಮುಂಚೆ ಇವರನ್ನು ಊರಿಗೆ ಕಳಿಸು, ಅಂದ ಗುತ್ತಿಗೆದಾರ. ನಾನು ತಲೆಯಾಡಿಸಿದೆ. ಅಡತಿ ಅಂಗಡಿಯಲ್ಲಿ ಒಂದು ಚೀಲ ತೊಗರಿಗೆ ಎರಡು ತಾಸು ಜಗ್ಗಾಡುವ ನಾನು, ಗೋಡೆ ಹೊಟ್ಟೆ ಬಿಟ್ಟ ಮೇಲೂ ಇನ್ನೊಂದು ಅವಕಾಶ ಕಿತ್ತುಕೊಂಡ ನಾನು, ಅಲ್ಲಿ ಒಂದು ಮಾತು ಜಗ್ಗಾಡಲಿಲ್ಲ. ನಾನು ಲೆಕ್ಕ ಹಿಡಿಯುತ್ತೇನೆ, ಇವರು ಕಲ್ಲು ಇಡಲಿ, ಇಬ್ಬರೂ ಇದ್ದರೆ ನಿನಗೇ ಲಾಭ ಅಂದಿದ್ದರೆ ಅವನು ಒಪ್ಪುತ್ತಿದ್ದ. ವ್ಯಾಪಾರ ತಿಳಿದ ಮನುಷ್ಯ ಅವನು. ಕೇಳಿದ್ದರೆ ಒಪ್ಪುತ್ತಿದ್ದ ಅನ್ನುವುದೇ ನನ್ನನ್ನು ಇವತ್ತಿಗೂ ಚುಚ್ಚುವುದು. ಕೇಳಿ ಅವನು ಇಲ್ಲ ಅಂದಿದ್ದರೆ ನಾನು ಇದನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಿರಲಿಲ್ಲ.

ಚಾಚಾ ಅವರನ್ನು ಬಸ್ಸಿಗೆ ಹತ್ತಿಸಿದೆ. ಒಂದು ಉಣ್ಣೆಯ ಶಾಲು ಹೊದಿಸಿದೆ. ಮುಂದಿನ ಸೀಜನ್ನಿಗೆ ಖಂಡಿತ ಕರೆಸುತ್ತೇನೆ ಅಂದೆ. ಒಂದು ಬೈಗುಳ ಬರಲಿ ಅಂತ ಕಾಯುತ್ತಿದ್ದೆ. ಬರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹಿಂದ ಖಡಿ ತುಂಬೂದು ಮರೀಬ್ಯಾಡ. ಒಂದ್ ಮೊಳ. ಕಡಿಮಿ ಮಾಡು ಅಂತ ಯಾರಂದ್ರೂ ಕೇಳಬ್ಯಾಡ" ಅಂದರು. ಅಷ್ಟೇ.

ಮುಂದೆ ಆರು ವರ್ಷ ಆ ಗುಡ್ಡಗಳಲ್ಲಿ ಅಂಥ ಗೋಡೆಗಳನ್ನೇ ಕಟ್ಟಿಸಿದೆ. ಜನ ನನ್ನನ್ನು ಗೋಡೆ ಎಂಜಿನಿಯರ್ ಅಂತಲೇ ಕರೆದರು. ಚಾಚಾ ಅವರನ್ನು ಕರೆಸಲಿಲ್ಲ. ಮೊದಲ ವರ್ಷ ಯಾಕೆ ಕರೆಸಲಿಲ್ಲ ಅಂದರೆ, ಬಂದರೆ ಸುಳ್ಳು ಬಯಲಾದೀತು ಅಂತ. ಆಮೇಲೆ, ಯಾವ ಮುಖ ಇಟ್ಟುಕೊಂಡು ಕರೆಯಲಿ ಅಂತ. ಫೋನು ವಾರಕ್ಕೊಮ್ಮೆ ಇದ್ದದ್ದು ಹಬ್ಬಕ್ಕೊಮ್ಮೆ ಆಯಿತು. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಒಂದು ಕೆಲಸದ ಅಳತೆ ಬರೆಸುತ್ತಿದ್ದೆ. ಬರೆಸಿ ಮುಗಿಸಿದೆ. ಮಣ್ಣಿಗೆ ಹೋಗಲಿಲ್ಲ.

ಹೆಂಡತಿಗೆ ನಮ್ಮ ಜಿಲ್ಲೆಗೇ ವರ್ಗವಾಗಿ ಜೇವರ್ಗಿಗೆ ಬಂದು ಎರಡು ವರ್ಷವಾಯಿತು. ಆಳಂದ ಬಹಳ ದೂರವೇನೂ ಅಲ್ಲ, ಆದರೂ ಹೋಗಿರಲಿಲ್ಲ. ಕಲ್ಲಿನ ಅಂಗಡಿಯಿಂದ ಮನೆಗೆ ಬಂದ ಮರುದಿನ ಹೋದೆ. ಚಾಚಿ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು. ನನ್ನ ಗುರುತು ಹಿಡಿಯಲು ತುಸು ಹೊತ್ತು ಹಿಡಿಯಿತು.

"ಬಾ ಬೇಟಾ. ಗುಡ್ಡ ನಿಲ್ಲಿಸಿದವ ನೀ ಅಲ್ಲ? ಅವ್ರು ಓಣಿ ತುಂಬ ಹೇಳ್ಕೊಂಡು ತಿರಗತಿದ್ರು. ನಮ್ಮ ಎಂಜಿನಿಯರ್ ಹೇಳಿಕೊಟ್ಟ, ನಾ ಕಲ್ಲು ಇಟ್ಟೆ ಅಂತ."

ನನಗೆ ತಡೆಯಲಾಗಲಿಲ್ಲ. ಅವರ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ, ಸುತ್ತಿಗೆ ತೊಳೆದದ್ದೂ ಬಿಡದೆ. ಚಾಚಿಯ ಕೈ ಅಕ್ಕಿಯಲ್ಲೇ ಆಡುತ್ತಿತ್ತು.

"ಗೊತ್ತದ" ಅಂದರು. "ಬಂದ ದಿನಾನೇ ಹೇಳಿದ್ರು ನನ್ನ ಮುಂದ. ಭಾಳ ಮನಸಿಗೆ ಹಚ್ಕೊಂಡಿದ್ರು. ಎರಡ್ ದಿನ ಊಟ ಮಾಡ್ಲಿಲ್ಲ."

"ಹಂಗಾರ ಓಣ್ಯಾಗ ಯಾಕ ಹಂಗ ಹೇಳಿದ್ರು ಚಾಚಿ?"

"ಈ ಕಡಿ ಹುಡುಗ್ರು ಆ ಕಡಿ ದುಡಿಯಾಕ ಹೋಗ್ತಾವಲ್ಲ. ಯಾವನರ ಒಬ್ಬ ಅಲ್ಲಿ ಹೋಗಿ ಬಾಯಿ ಬಿಟ್ರ ನಿನ್ನ ನೌಕ್ರಿ ಹೋಗ್ತದ ಅಂತ. ನನಗೂ ಆಣಿ ಹಾಕ್ಸಿದ್ರು." ತಲೆ ಎತ್ತಿ ನನ್ನನ್ನು ನೋಡಿದರು. "ನೀ ಕರೀತಿ ಅಂತ ಎರಡು ಚಳಿಗಾಲ ಆ ಶಾಲು ಮಡಚಿ ತಯಾರ ಇಟ್ಟಿದ್ರು."

ಆಮೇಲೆ ಅವರೇ, ಆ ಗೋಡೆಯ ಫೋಟೋ ಇದೆಯೇ ಅಂತ ಕೇಳಿದರು. ಇತ್ತು. ಮೊಬೈಲು ತೆಗೆದು ಕೊಟ್ಟೆ. ಫೋಟೋದಲ್ಲಿ ಗೋಡೆಯ ಮುಂದೆ ಕೈಕಟ್ಟಿ ನಿಂತವನು ನಾನೊಬ್ಬನೇ.

"ಇವ್ರೆಲ್ಲಿ?"

"ಅಷ್ಟೊತ್ತಿಗೆ ಅವ್ರನ್ನ ಕಳಿಸಿಬಿಟ್ಟಿದ್ದೆ ಚಾಚಿ."

ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು. ಚಿತ್ರದೊಳಗಿನ ನಾನು ಒಂದು ಮಗ್ಗುಲಿಗೆ ಸರಿದು ಪರದೆಯಿಂದ ಹೊರಗೆ ಹೋದೆ. ಉಳಿದದ್ದು ಕಲ್ಲು ಮಾತ್ರ. ಒಂದೊಂದೇ ಕಲ್ಲಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದರು. ಮೊಬೈಲಿನ ಬೆಳಕು ತಾನಾಗಿಯೇ ಆರಿಹೋಗುತ್ತಿತ್ತು. ನಾನು ಮತ್ತೆ ಮತ್ತೆ ಹಚ್ಚಿ ಅವರ ಕೈಗೆ ಕೊಡುತ್ತಿದ್ದೆ. ನನ್ನಿಂದ ಈಗ ಆಗುವುದು ಅಷ್ಟೇ ಉಳಿದಿತ್ತು.