ಸುರಂಗದಣ್ಣ
ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ಹಳೆಯ ಶಿಷ್ಯನನ್ನು ಎಲ್ಲರೂ ‘ಸುರಂಗದಣ್ಣ’ ಎನ್ನುತ್ತಾರೆ. ಹಾಸಿಗೆಯ ಪಕ್ಕದ ಯಂತ್ರಗಳಿಗೆ ಹಳೆಯ ಬಗೆಯ ವಿಳಾಸವಷ್ಟೇ ಗೊತ್ತು, ಹೊಸ ಜಾಲಕ್ಕೆ ಹೊಸ ಬಗೆಯದಷ್ಟೇ. ಹಳೆಯ ಸಂದೇಶವನ್ನು ಹೊಸ ಲಕೋಟೆಯೊಳಗಿಟ್ಟು ದಾಟಿಸುವುದೇ ಅವನ ಸುರಂಗ. ದಿನಕ್ಕೆ ಹತ್ತು ಸಲ ಪರೀಕ್ಷೆ. ಊಟದ ನಡುವೆಯೂ ಎಡಗೈಯಲ್ಲಿ ಪರೀಕ್ಷೆ. “ಏನ್ ಸಾರ್, ಮತ್ತೆ ಶುರುವಾಯ್ತಾ ನಿಮ್ಮ ಜಪ?” ಎಂದು ಹೊಸ ನರ್ಸು ರೇಗಿಸಿದರೆ, “ಉದ್ದದ್ದು ದಾಟ್ಲಿ ಸಿಸ್ಟರ್, ಆಮೇಲೆ ನಗಿ” ಎನ್ನುತ್ತಾನೆ. ಮೊದಲ ವರ್ಷ ಪುಟ್ಟ ಸಂದೇಶವೊಂದು ದಾಟಿದ್ದನ್ನು ನೋಡಿಯೇ ಅವನು ‘ಸರಿಯಿದೆ’ ಎಂದು ಬರೆದುಬಿಟ್ಟಿದ್ದ. ಲಕೋಟೆಯೂ ಜಾಗ ತಿನ್ನುತ್ತದೆಂಬುದನ್ನು ಮರೆತಿದ್ದ. ಏಳನೆಯ ಹಾಸಿಗೆಯ ಯಂತ್ರ ಕಳಿಸಿದ ಎದೆಬಡಿತದ ಉದ್ದನೆಯ ಎಚ್ಚರಿಕೆ ಲಕೋಟೆ ಸಮೇತ ಹಿಡಿಸದೆ ಸುರಂಗದ ಬಾಯಲ್ಲೇ ಬಿದ್ದುಹೋಯಿತು, ನರ್ಸುಗಳಿಗೆ ಸುದ್ದಿ ಮುಟ್ಟದೆ ಯಾರೂ ಓಡಿಬರಲಿಲ್ಲ. ಈಗ ಅವನು ದಿನವೂ ದಾಟಿಸಿ ನೋಡುವುದು ಅದೇ ಸಂದೇಶವನ್ನು. ಅಂದು ಆ ಹಾಸಿಗೆಯಲ್ಲಿ ಮಲಗಿದ್ದವರು ಅವನ ತಾಯಿ.