ಶಮೀಮ್ ಆಪಾ ಮತ್ತು ಟರ್ಬೊ ಕಾರು

ಶಮೀಮ್ ಆಪಾ ಕೈಗೆ ಏನು ಸಿಕ್ಕರೂ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ತೆಂಗಿನಕಾಯಿಯಾದರೆ ಸರಿ, ಎಲ್ಲರೂ ಅಲ್ಲಾಡಿಸುತ್ತಾರೆ. ಇವರು ಬೆಂಕಿಪೊಟ್ಟಣ, ಮಾತ್ರೆಯ ಡಬ್ಬಿ, ಮದುವೆಮನೆಯಲ್ಲಿ ಕೊಟ್ಟ ತಾಂಬೂಲದ ಚೀಲ, ಯಾವುದನ್ನೂ ಬಿಟ್ಟವರಲ್ಲ. ಒಂದು ಯುಗಾದಿಗೆ ನಮ್ಮಮ್ಮ ಕಳಿಸಿದ ಒಬ್ಬಟ್ಟಿನ ಡಬ್ಬಿಯನ್ನೂ ಅಲ್ಲಾಡಿಸಿ, ತುಪ್ಪವೆಲ್ಲ ಮುಚ್ಚಳಕ್ಕೆ ಹತ್ತಿಸಿಕೊಂಡು, ಆಮೇಲೆ ನನ್ನನ್ನೇ ನೋಡಿ ನಕ್ಕಿದ್ದರು.

ಅದು ಅವರ ಕಸುಬು ಕಲಿಸಿದ ಚಾಳಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರನ್ನು ರೀಲರ್ ಅನ್ನುತ್ತೇವೆ. ಅವರು ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಪರೀಕ್ಷೆ ಮಾಡುವುದೇ ಹಾಗೆ. ಒಂದು ಗೂಡೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ, ಒಳಗಿನ ಹುಳ ಗಟ್ಟಿಯಾಗಿದ್ದರೆ ಟಕ್ ಟಕ್ ಅನ್ನುತ್ತದೆ. ಹುಳ ಸತ್ತು ಒಳಗೇ ಕರಗಿ ಅಂಟಿಕೊಂಡಿದ್ದರೆ ಸದ್ದೇ ಇಲ್ಲ. ಅಂಥ ಗೂಡಿನಿಂದ ಒಳ್ಳೆಯ ನೂಲು ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ನೂಲು ತೆಗೆಯುವ ಘಟಕವನ್ನು ತಾವೇ ನಡೆಸಿದ ಆಪಾ, ಗಂಡಸರು ತುಂಬಿದ ಆ ಮಾರುಕಟ್ಟೆಯಲ್ಲಿ ತಲೆಯ ಮೇಲಿನ ದುಪಟ್ಟಾವನ್ನು ಒಂದು ಕಿವಿಯಿಂದ ಸ್ವಲ್ಪ ಸರಿಸಿಕೊಂಡು ಗೂಡಿನ ಸದ್ದು ಕೇಳುತ್ತಾ ನಿಂತರೆ ಸುತ್ತ ಇದ್ದವರು ಮಾತು ನಿಲ್ಲಿಸಿ ಅವರ ಮುಖ ನೋಡುತ್ತಿದ್ದರು.

ಕಾರನ್ನೂ ಅವರು ಕಿವಿಯಿಂದಲೇ ಓಡಿಸಿದವರು. ಅವರ ಬಳಿ ಒಂದು ಬೆಳ್ಳಿ ಬಣ್ಣದ ಹಳೆಯ ಪೆಟ್ರೋಲ್ ಕಾರಿತ್ತು. ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಆದರೂ ಓಟಕ್ಕೆ ಹೆಸರಾದದ್ದು. ನಮ್ಮ ಬೀದಿಯ ಗಂಡಸರು ಮೈಲೇಜ್ ಎಷ್ಟು, ಡಿಕ್ಕಿಯಲ್ಲಿ ಎಷ್ಟು ಮೂಟೆ ಹಿಡಿಯುತ್ತದೆ ಎಂದು ಕೇಳಿದರೆ ಆಪಾ, ಮೂಟೆಗೆ ಲಗೇಜ್ ಆಟೋ ಇದೆಯಲ್ಲ, ಕಾರು ಅಂದರೆ ಓಡಬೇಕು ಅನ್ನುತ್ತಿದ್ದರು. ಐವತ್ತು ದಾಟಿದ ಹೆಂಗಸು ಚಿಂತಾಮಣಿ ರಸ್ತೆಯಲ್ಲಿ ಬೈಕಿನ ಹುಡುಗರನ್ನು ಹಿಂದೆ ಹಾಕಿದರೆ ಊರು ಸುಮ್ಮನಿರುತ್ತದೆಯೇ? ಆಡಿಕೊಂಡರು. ಆಪಾ ಕ್ಯಾರೇ ಅನ್ನಲಿಲ್ಲ.

ನನಗೆ ಕಾರು ಕಲಿಸಿದವರೂ ಅವರೇ. ನಾವು ಅವರ ಪಕ್ಕದ ಮನೆಯವರು. ನಮ್ಮಪ್ಪನ ಹಿಪ್ಪುನೇರಳೆ ತೋಟ ಕೆಂಚಾರ್ಲಹಳ್ಳಿಯ ಕಡೆ. ಮುದ್ದೇನಹಳ್ಳಿ ಹತ್ತಿರದ ಕಾಲೇಜೊಂದರ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಾಗ, ಬಸ್ಸಿಗೆ ಕಾಯುತ್ತಾ ಮುದುಕಿಯಾಗ್ತೀಯ, ಬಾ ಎಂದು ಕರೆದುಕೊಂಡು ಹೋಗಿ ಸ್ಟೀರಿಂಗ್ ಹಿಂದೆ ಕೂರಿಸಿದರು. ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರಿನ ಮೇಲೆ ಕರ್ಚೀಫು ಹೊದಿಸಿ, ಸದ್ದು ಕೇಳಿ ಗೇರು ಬದಲಾಯಿಸು ಅಂದರು. ನಾನೋ ಬಾಯಿಬಡಕಿ. ಕಣ್ಣಿಗೆ ಕಾಣುವುದನ್ನು ಮುಚ್ಚಿ ಕೇಳಿಸದ್ದನ್ನು ಕೇಳು ಅಂದರೆ ಹೇಗೆ ಆಪಾ, ಎಂದು ಜಗಳಕ್ಕೇ ನಿಂತೆ.

"ದಾರ ಎಳೆದಂಗೆ ಎಳೀಬೇಕು ಕಣೇ ಸುಜಾತಾ. ಜರ್ಕ್ ಕೊಟ್ಟೆ ಅಂದ್ರೆ ಕಿತ್ಕೊಂಡು ಹೋಗ್ತದೆ. ಮೆಲ್ಲಗೆ ಹೆಚ್ಚು ಮಾಡು, ಅದು ಹಾಡೋಕೆ ಶುರು ಮಾಡ್ತದೆ, ಆವಾಗ ಗೇರು."

ಕಡೆಗೆ ಅದು ಹಾಡಿತು, ಸುಳ್ಳು ಹೇಳಬಾರದು. ತಲಕಾಯಲಬೆಟ್ಟದ ಕಡೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಇಂಜಿನ್ ಸ್ವರ ಏರಿಸುತ್ತಾ ಹೋದಾಗ ನನಗೆ ಮೈ ಜುಮ್ಮೆಂದಿತು. ಅಂದಿನಿಂದ ನನಗೂ ಕಾರಿನ ಹುಚ್ಚು ಹಿಡಿಯಿತು. ಸಂಜೆ ಅವರ ಜಗಲಿಯಲ್ಲಿ ಕೂತು, ಫೋನಿನಲ್ಲಿ ಹೊಸ ಕಾರುಗಳ ವಿಡಿಯೋ ಹಾಕಿ, ಇಬ್ಬರೂ ಕೋರ್ಟಿನಲ್ಲಿ ವಾದ ಮಾಡಿದ ಹಾಗೆ ವಾದ ಮಾಡುತ್ತಿದ್ದೆವು.

ವಾದಕ್ಕೆ ನಿಜವಾದ ಕಾರಣ ಬಂದದ್ದು ಅವರ ತಂಗಿಯಿಂದ. ರಾಮನಗರದಲ್ಲಿದ್ದ ಆ ತಂಗಿ ನೂಲು ತೆಗೆಯುವ ಹೊಸ ಆಟೊಮ್ಯಾಟಿಕ್ ಯಂತ್ರ ಹಾಕಿಸಿ, ಗೂಡು ಆರಿಸಲು ನಿನ್ನಂಥವಳು ಬೇಕು, ಪಾಲುದಾರಳಾಗಿ ಬಾ ಎಂದು ಅಕ್ಕನನ್ನು ಕರೆದಿದ್ದರು. ಆಪಾ ಹುರುಪಿನಲ್ಲಿದ್ದರು. ವಾರದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ಲೆಕ್ಕ ಹಾಕಿದರು. ಆದರೆ ಬೆಳ್ಳಿ ಕಾರಿಗೆ ವಯಸ್ಸಾಗಿತ್ತು, ಬಿಡಿಭಾಗ ಸಿಗುತ್ತಿರಲಿಲ್ಲ. ಅಷ್ಟು ದೂರ ಓಡಾಡುವುದಕ್ಕೆ ಅದಕ್ಕಿಂತ ಗಟ್ಟಿಯಾದ, ಅದಕ್ಕಿಂತ ಚುರುಕಾದ ಕಾರು ಬೇಕಾಯಿತು.

ನಾನು ಟರ್ಬೊ ಪಕ್ಷ. ಟರ್ಬೊ ಎಂದರೆ ಇಷ್ಟೇ: ಇಂಜಿನ್ ಹೊರಗೆ ಬಿಡುವ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಒಳಕ್ಕೆ ಇನ್ನಷ್ಟು ಗಾಳಿ ತುರುಕುವುದು, ಒಲೆಗೆ ಊದುಕೊಳವೆ ಹಿಡಿದ ಹಾಗೆ. ಇಂಜಿನ್ ಚಿಕ್ಕದಾದರೂ ಎಳೆತ ದೊಡ್ಡದು. ಜನ ತುಂಬಿಕೊಂಡು ಏರು ಹತ್ತುವಾಗ, ಲಾರಿ ಹಿಂದೆ ಹಾಕುವಾಗ, ಇಂಜಿನ್ನನ್ನು ಕಿರುಚಿಸಬೇಕಾಗಿಲ್ಲ. ಆಪಾ ಸಾದಾ ಇಂಜಿನ್ ಪಕ್ಷ, ಅಂದರೆ ಊದುಕೊಳವೆ ಇಲ್ಲದೆ ತನ್ನ ಉಸಿರನ್ನು ತಾನೇ ಎಳೆದುಕೊಳ್ಳುವುದು. ಕಾಲು ಎಷ್ಟು ಒತ್ತಿದರೆ ಅಷ್ಟು ಕೊಡುತ್ತದೆ, ಬಿಸಿ ಕಡಿಮೆ, ಕೆಟ್ಟರೆ ರಿಪೇರಿ ಸುಲಭ, ಎಲ್ಲಕ್ಕಿಂತ ಮುಖ್ಯ ಅದಕ್ಕೊಂದು ಸ್ವರ ಇದೆ ಎಂದು ಅವರ ವಾದ.

"ನಿನ್ನ ಟರ್ಬೊ ದೊಡ್ಡಮನುಷ್ಯರ ಮಗ ಇದ್ದಂಗೆ. ಮೊದ್ಲು ಎಬ್ಬಿಸಿದ್ರೂ ಏಳಲ್ಲ. ಎದ್ಮೇಲೆ ಹಿಡಿಯೋಕಾಗಲ್ಲ," ಎಂದು ಗೇಲಿ ಮಾಡುತ್ತಿದ್ದರು.

ಅದೇ ಹೊತ್ತಿನಲ್ಲಿ ಮಾರುಕಟ್ಟೆಯಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಆಪಾ ಬರಿಗೈಯಲ್ಲಿ ಮನೆಗೆ ಬರತೊಡಗಿದ್ದರು. ಈ ಸಲ ಗೂಡೇ ಸರಿಯಿಲ್ಲ, ಸೊಪ್ಪಿಗೆ ಏನೋ ಹೊಡೀತಾರೆ, ಹುಳ ಎಲ್ಲ ಒಳಗೇ ಕರಗಿದೆ ಅನ್ನುವರು. ಪಕ್ಕದ ರೀಲರುಗಳು ಅದೇ ಗೂಡು ಕೊಂಡು ಚೆನ್ನಾದ ನೂಲು ತೆಗೆಯುತ್ತಿದ್ದರು. ಒಂದು ದಿನ ನಮ್ಮಪ್ಪನ ಗೂಡನ್ನೂ ಅಲ್ಲಾಡಿಸಿ, ಕೇಳಿ, ಮತ್ತೆ ಅಲ್ಲಾಡಿಸಿ, ತಲೆಯಾಡಿಸಿ ಮುಂದೆ ಹೋದರಂತೆ. ನಮ್ಮಪ್ಪ ಬೆಳೆದ ಗೂಡಿಗೆ ಅಂಥ ಅವಮಾನ ಎಂದೂ ಆಗಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಳಂತೆ ಎಂದು ಶುರು ಮಾಡಿದರು. ನಾನು ಆಪಾ ಪರ ಮಾತಾಡಿ ಅಪ್ಪನಿಂದ ಬೈಸಿಕೊಂಡೆ. ಆ ಗಾದೆಯೊಳಗೆ ಎಷ್ಟು ನಿಜ ಇತ್ತೆಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಗೌರಿಬಿದನೂರಿನ ಹತ್ತಿರ ಒಬ್ಬ ದ್ರಾಕ್ಷಿ ಬೆಳೆಗಾರ ತನ್ನ ಕಾರು ಮಾರುತ್ತಾನೆ ಎಂದು ಸುದ್ದಿ ಬಂತು. ಸಾದಾ ಇಂಜಿನ್ನೇ, ಆದರೆ ಓಟದ ಕುದುರೆ; ಈಗ ಅಂಥದ್ದನ್ನು ಯಾರೂ ತಯಾರಿಸುವುದಿಲ್ಲ. ಭಾನುವಾರ ಇಬ್ಬರೂ ಹೋದೆವು. ಆತ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕಾರನ್ನು ಮಗಳಂತೆ ಹೊಗಳಿ, ಬೀಗದ ಕೈ ಕೊಟ್ಟ. ಆಪಾ ಸ್ಟಾರ್ಟ್ ಮಾಡಿ, ಬಾನೆಟ್ ತೆರೆಸಿ, ತಲೆ ಬಗ್ಗಿಸಿ ಕೇಳಿ, ಮುಖ ಸಿಂಡರಿಸಿದರು. ದನೀನೇ ಇಲ್ಲವಲ್ಲ ಇದರಲ್ಲಿ ಅಂದರು. ನನಗೆ ಆಶ್ಚರ್ಯವಾಯಿತು. ಆ ಇಂಜಿನ್ ಚಿನ್ನದ ಹಾಗಿತ್ತು.

ರಸ್ತೆಗೆ ಇಳಿದೆವು. ಎರಡನೇ ಗೇರಿನಲ್ಲಿ ಆಪಾ ಒತ್ತುತ್ತಾ ಹೋದರು. ಇಂಜಿನ್ ಹಾಡಿತು, ಕೂಗಿತು, ಆಮೇಲೆ ಅರಚತೊಡಗಿತು. ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಗಿ ಬಡಿದುಕೊಳ್ಳುತ್ತಿತ್ತು. ಆಪಾ ಮಾತ್ರ ಏನನ್ನೋ ಕಾಯುವವರ ಹಾಗೆ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಕೂತಿದ್ದರು. "ಆಪಾ, ಗೇರು" ಅಂದೆ. ಕೇಳಲಿಲ್ಲ. ಭುಜ ಹಿಡಿದು ಅಲುಗಿಸಿದೆ. ತಿರುಗಿ ನನ್ನ ಮುಖ ನೋಡಿದರು, ಮೀಟರ್ ನೋಡಿದರು, ಕಾಲು ತೆಗೆದರು. ನನಗೆ ಆಗ ಎಲ್ಲ ಅರ್ಥವಾಯಿತು. ಗೂಡು, ನಮ್ಮಪ್ಪ, ಈಚೆಗೆ ಎರಡೆರಡು ಸಲ ಕರೆದರೂ ಬಾಗಿಲಿಗೆ ಬಾರದ ಆಪಾ, ಎಲ್ಲ.

ಕಾರು ಹಿಂತಿರುಗಿಸಿ ವಾಪಸು ಬರುವಾಗ ಮಂಚೇನಹಳ್ಳಿಯಲ್ಲಿ ಚಹಾಕ್ಕೆ ನಿಂತೆವು. ಹೇಗೆ ಶುರು ಮಾಡುವುದೆಂದು ಗ್ಲಾಸು ತಿರುಗಿಸುತ್ತಿದ್ದೆ. ಅವರೇ ಮಾತು ತೆಗೆದರು.

"ನಂಗೊತ್ತಿತ್ತು ಕಣಮ್ಮ. ಗೂಡು ಕೆಟ್ಟಿದೆ ಅಂದ್ಕೊಂಡ್ರೆ ನಾಳೆ ಒಳ್ಳೇ ಗೂಡು ಬರ್ತದೆ ಅಂತ ಇರಬಹುದು. ಕಿವಿ ಕೆಟ್ಟಿದೆ ಅಂದ್ರೆ? ರಾಮನಗರದಲ್ಲಿ ತಂಗಿ ಕರೀತಿರೋದು ನನ್ನನ್ನಲ್ಲ, ಈ ಕಿವೀನ. ಕಿವಿ ಇಲ್ದೆ ನಾನೇನಂತ ಹೋಗ್ಲಿ ಅಲ್ಲಿಗೆ?"

ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಚಹಾದ ಅಂಗಡಿಯವನು ಯಾರೋ ಸತ್ತಿರಬೇಕೆಂದುಕೊಂಡು ದುಡ್ಡು ಕೇಳುವುದಕ್ಕೇ ಹಿಂಜರಿದ.

ಚಿಕ್ಕಬಳ್ಳಾಪುರದ ಕಿವಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಲು ನನಗೆ ಸಾಕುಸಾಕಾಯಿತು. ವಯಸ್ಸಿನ ಜೊತೆಗೆ ಇಷ್ಟು ವರ್ಷ ಯಂತ್ರಗಳ ಗದ್ದಲದಲ್ಲಿ ನಿಂತದ್ದೂ ಕಾರಣ, ಸಣ್ಣ ಸದ್ದು ಮತ್ತು ಎತ್ತರದ ಸ್ವರ ಮೊದಲು ಹೋಗಿವೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ಕೇಳಿಸುತ್ತದೆ, ಗೂಡಿನೊಳಗಿನ ಸದ್ದು ಕಷ್ಟ. ಕಾರು ಓಡಿಸಬಹುದೇ ಎಂದು ಆಪಾ ಕೇಳಿದ್ದು ಒಂದೇ ಪ್ರಶ್ನೆ. ಕಣ್ಣು ಚೆನ್ನಾಗಿದೆ, ಧಾರಾಳವಾಗಿ ಓಡಿಸಿ ಅಂದರು. ಆಪಾ ಕಿವಿಯ ಯಂತ್ರ ಕೊಂಡು ದುಪಟ್ಟಾದ ಒಳಗೆ ಯಾರಿಗೂ ಕಾಣದ ಹಾಗೆ ಮುಚ್ಚಿಕೊಂಡರು. ತಂಗಿಗೆ ಹೇಳಲಿಲ್ಲ. ನೀನೂ ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ರಾಮನಗರದ ಮಾತು ನಿಂತೇಹೋಯಿತು.

ನನಗೆ ಸಿಟ್ಟು ಬಂತು. ಆಣೆಯ ಮೇಲೂ ಅಲ್ಲ, ಆಪಾ ಮೇಲೂ ಅಲ್ಲ. ಅಷ್ಟು ದೊಡ್ಡ ಹೆಂಗಸು ಹಾಗೆ ಮುದುಡಿ ಕೂರುವುದನ್ನು ನೋಡಲಾರದ ಸಿಟ್ಟು. ಒಂದು ಶನಿವಾರ ಅವರನ್ನು ಏನೂ ಹೇಳದೆ ಚಿಕ್ಕಬಳ್ಳಾಪುರದ ಷೋರೂಮಿಗೆ ಕರೆದೊಯ್ದು, ಟರ್ಬೊ ಕಾರಿನ ಸ್ಟೀರಿಂಗ್ ಹಿಂದೆ ಕೂರಿಸಿದೆ. ಹಿಂದಿನ ಸೀಟಿನಲ್ಲಿ ಷೋರೂಮಿನವನು ಕೂತ. ನಂದಿ ಬೆಟ್ಟದ ಕಡೆಯ ರಸ್ತೆಯಲ್ಲಿ ಆಪಾ ಮನಸ್ಸಿಲ್ಲದ ಮನಸ್ಸಿನಿಂದ ಕಾಲು ಒತ್ತಿದರು. ಒಂದು ಗಳಿಗೆ ಏನೂ ಆಗಲಿಲ್ಲ. ನೋಡಿದೆಯಾ, ಎದ್ದಿಲ್ಲ ಅನ್ನುವಂತೆ ನನ್ನ ಕಡೆ ತಿರುಗುವಷ್ಟರಲ್ಲಿ ಕಾರು ನಮ್ಮಿಬ್ಬರನ್ನೂ ಸೀಟಿಗೆ ಒತ್ತಿ ಹಿಡಿದು ಮುಂದಕ್ಕೆ ಹಾರಿತು. ಹಿಂದೆ ಕೂತವನು ದೇವರನ್ನು ನೆನೆದ. ಆಪಾ ಕಾಲು ಸಡಿಲಿಸಿದರು, ಮತ್ತೆ ಒತ್ತಿದರು, ಮತ್ತೆ ಸಡಿಲಿಸಿದರು. ಏರಿನಲ್ಲಿ ಒಂದು ಗೇರು, ಇಳಿಜಾರಿನಲ್ಲಿ ಒಂದು ಗೇರು, ಎಲ್ಲೂ ತಪ್ಪಲಿಲ್ಲ. ಮರದ ನೆರಳಲ್ಲಿ ನಿಲ್ಲಿಸಿ ಎಷ್ಟೋ ಹೊತ್ತು ನಕ್ಕರು.

"ಇದು ಬೆನ್ನಿಗೆ ಹೇಳ್ತದೆ ಕಣೇ. ಯಾವಾಗ ಎದ್ದಿತು, ಯಾವಾಗ ಸುಸ್ತಾಯ್ತು, ಎಲ್ಲ ಬೆನ್ನಲ್ಲೇ ಗೊತ್ತಾಗ್ತದೆ. ಕಿವಿ ಯಾಕೆ ಬೇಕು?"

ಹಾಗೆಂದು ಸಾದಾ ಇಂಜಿನ್ ಕೀಳು ಎಂದು ಅವರು ಕಡೆಯವರೆಗೂ ಒಪ್ಪಲಿಲ್ಲ. ನೀನು ಕೊಳ್ಳುವಾಗ ಅದನ್ನೇ ಕೊಳ್ಳು, ನಿನಗಿನ್ನೂ ಕಿವಿ ಇದೆ ಎಂದು ನನಗೆ ಬುದ್ಧಿ ಹೇಳಿ, ತಮಗೆ ಕೆಂಪು ಬಣ್ಣದ ಟರ್ಬೊ ಕೊಂಡರು. ಆ ಕಾರು ಬಂದ ಮೇಲೆ ಮಾರುಕಟ್ಟೆಯಲ್ಲೂ ಅವರ ರೀತಿ ಬದಲಾಯಿತು. ಗೂಡನ್ನು ಕಿವಿಗೆ ಹಿಡಿಯುವುದು ಬಿಟ್ಟು, ಹೆಬ್ಬೆರಳಿನಿಂದ ಒತ್ತಿ ಪದರ ನೋಡುವರು, ಬ್ಲೇಡಿನಿಂದ ಕತ್ತರಿಸಿ ಹುಳವನ್ನು ಅಂಗೈಯಲ್ಲಿ ಉರುಳಿಸಿ ನೋಡುವರು. ಮೊದಮೊದಲು ತಪ್ಪಿದರು, ಸದ್ದಿಲ್ಲದೆ ನಷ್ಟ ನುಂಗಿದರು, ಆಮೇಲೆ ಕೈ ಕುದುರಿತು. ನಮ್ಮಪ್ಪನ ಮುಂದಿನ ಬೆಳೆಯನ್ನು ಹರಾಜಿನಲ್ಲಿ ಅವರೇ ಹಿಡಿದರು. ನಮ್ಮಪ್ಪ ಮನೆಗೆ ಬಂದು, ಆ ಯಮ್ಮನಿಗೆ ಗೂಡು ಗೊತ್ತು ಕಣಮ್ಮ ಎಂದು ಏನೂ ನಡೆದೇ ಇಲ್ಲವೆಂಬಂತೆ ಮುದ್ದೆ ಮುರಿದರು.

ಕೈಯಿಂದಲೇ ಗೂಡು ಆರಿಸಬಲ್ಲೆ ಎಂಬ ಧೈರ್ಯ ಬಂದ ಮೇಲೆ, ಕಡೆಗೊಂದು ಬೆಳಿಗ್ಗೆ ಆಪಾ ರಾಮನಗರಕ್ಕೆ ಹೊರಟರು. ವಾರಕ್ಕರ್ಧ ಅಲ್ಲ, ಪೂರ್ತಿ. ಇಲ್ಲಿನ ಘಟಕವನ್ನು ಊರಲ್ಲೇ ಇದ್ದ ತಮ್ಮನಿಗೆ ಬಿಟ್ಟಿದ್ದರು. ನನ್ನನ್ನು ಕೆಲಸಕ್ಕೆ ಬಿಟ್ಟು ಹೋಗುತ್ತೇನೆ ಎಂದು ಕೂರಿಸಿಕೊಂಡರು. ತಂಗಿಗೆ ಕಿವಿಯ ವಿಷಯ ಹೇಳಿದಿರಾ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. ಹೊಸ ಊರಿನ ಮಾರುಕಟ್ಟೆಯಲ್ಲಿ, ಹೊಸ ಜನರ ನಡುವೆ, ಎಷ್ಟು ದಿನ ಮುಚ್ಚಿಡುತ್ತಾರೆ ಎಂಬ ಯೋಚನೆಯಲ್ಲಿ ನನಗೆ ರಸ್ತೆಯೇ ಕಾಣಲಿಲ್ಲ.

ಚಿಕ್ಕಬಳ್ಳಾಪುರ ಮುಟ್ಟುವ ಮೊದಲು ಪೆಟ್ರೋಲ್ ಬಂಕಿಗೆ ತಿರುಗಿಸಿದರು. ಜನ ಇದ್ದರು, ಎರಡು ಬೈಕು, ಒಂದು ಹಾಲಿನ ವ್ಯಾನು. ಪೆಟ್ರೋಲ್ ಹಾಕುವ ಹೆಂಗಸು ಕಾರಿನ ಹಿಂಬದಿಯಿಂದಲೇ ಎಷ್ಟಕ್ಕೆ ಎಂದು ಕೇಳಿದಳು. ಮತ್ತೊಮ್ಮೆ ಕೇಳಿದಳು. ನಾನು ಉತ್ತರ ಕೊಡಲು ಬಾಯಿ ತೆರೆದಿದ್ದೆ. ಆಪಾ ನನ್ನ ಮೊಣಕಾಲು ಒತ್ತಿ ಸುಮ್ಮನಿರಿಸಿದರು. ದುಪಟ್ಟಾವನ್ನು ಕಿವಿಯ ಹಿಂದಕ್ಕೆ ಸರಿಸಿದರು. ಕಿವಿಯ ಯಂತ್ರ ಎಲ್ಲರಿಗೂ ಕಾಣುವಂತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮಾರುಕಟ್ಟೆಯಲ್ಲಿ ಕೂಗುವ ಗಂಟಲಲ್ಲಿ ಹೇಳಿದರು.

"ಎದುರಿಗೆ ಬಂದು ಕೇಳಮ್ಮ. ನಂಗೆ ಕಿವಿ ಕೇಳಲ್ಲ."

ಬೈಕಿನವರಿಬ್ಬರೂ ತಿರುಗಿ ನೋಡಿದರು. ಆ ಹೆಂಗಸು ಕಾರು ಬಳಸಿಕೊಂಡು ಕಿಟಕಿಯ ಹತ್ತಿರ ಬಂದು, ಅವರ ಮುಖ ನೋಡಿ ನಿಧಾನವಾಗಿ, "ಎಷ್ಟಕ್ಕೆ ಹಾಕಲಿ ಆಂಟಿ?" ಅಂದಳು.

"ಫುಲ್ ಮಾಡು. ದೂರ ಹೋಗ್ಬೇಕು," ಅಂದರು ಶಮೀಮ್ ಆಪಾ.